ವಿದೇಶದಿಂದ ಬಂದ ಮೇಲೆ ಊರು ಸಪ್ಪೆ ಅನ್ನಿಸಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂಬತ್ತು ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದು ಚಿಕ್ಕಬಳ್ಳಾಪುರಕ್ಕೆ ವಾಪಸ್ ಬಂದವಳು ನಾನು. ಬಂದಾಗಿನಿಂದ, ನನ್ನ ಹಾಗೇ ದುಬೈ, ಟೆಕ್ಸಾಸ್, ಸಿಂಗಪುರ ಅಂತ ಇದ್ದು ಮರಳಿದವರು ಮದುವೆ ಮನೆಯಲ್ಲೋ, ಬೆಂಗಳೂರಿನ ರೈಲಿನಲ್ಲೋ, ರಾತ್ರಿ ಹನ್ನೊಂದರ ಮೆಸೇಜಿನಲ್ಲೋ ಮೆಲ್ಲಗೆ ಒಂದು ಮಾತು ತೆಗೆಯುತ್ತಾರೆ: ‘ನಿಮಗೂ ಬೇಜಾರಾಗಿತ್ತಾ?’ ಆ ಮಾತಿನ ಹಿಂದೆ ಬರುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳು ನನ್ನವು.

## ಮೊದಲ ತಿಂಗಳುಗಳು

‘ಬಂದು ಎರಡು ತಿಂಗಳಾಯ್ತು. ಎಲ್ಲಾ ಸಪ್ಪೆ ಅನ್ನಿಸ್ತಿದೆ. ನನಗೊಬ್ಬಳಿಗೇನಾ ಹೀಗೆ?’

ಅಲ್ಲ. ಪರದೇಶಕ್ಕೆ ಹೋದಾಗ ಆಗುವ ಕಸಿವಿಸಿ ಎಲ್ಲರಿಗೂ ಗೊತ್ತು. ಮರಳಿ ಬಂದಾಗಲೂ ಅದೇ ಆಗುತ್ತದೆ ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳಿರುವುದಿಲ್ಲ. ವಿದ್ವಾಂಸರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. 1955ರಲ್ಲಿ ಸ್ವೆರ್ರೆ ಲಿಸ್‌ಗಾರ್ಡ್ ಎಂಬ ನಾರ್ವೆಯ ಸಮಾಜವಿಜ್ಞಾನಿ ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕಕ್ಕೆ ಹೋಗಿದ್ದ ತನ್ನ ದೇಶದವರನ್ನು ಮಾತಾಡಿಸಿ, ಮೊದಲು ಹುರುಪು, ನಡುವೆ ಕುಸಿತ, ಆಮೇಲೆ ಚೇತರಿಕೆ ಎಂಬ ‘ಯು’ ಅಕ್ಷರದ ಚಿತ್ರ ಕೊಟ್ಟ. 1963ರಲ್ಲಿ ಅಮೆರಿಕದ ವಿದ್ವಾಂಸರಾದ ಗಲ್ಲಹಾರ್ನ್ ದಂಪತಿ ಅದರ ಪಕ್ಕಕ್ಕೆ ಇನ್ನೊಂದು ‘ಯು’ ಸೇರಿಸಿದರು. ಮನೆಗೆ ಮರಳಿದ ಮೇಲೂ ಅಂಥದ್ದೇ ಇಳಿಜಾರು ಇದೆ, ಎರಡೂ ಸೇರಿದರೆ ‘ಡಬ್ಲ್ಯು’ ಆಗುತ್ತದೆ ಎಂದರು. ಎಲ್ಲರೂ ಇದೇ ಗೆರೆಯ ಮೇಲೆ ನಡೆಯುವುದಿಲ್ಲ ಎಂದು ಆಮೇಲಿನ ಅಧ್ಯಯನಗಳು ತಿದ್ದಿವೆ. ಆದರೂ ಆ ಎರಡನೇ ಇಳಿಜಾರಿಗೆ ‘ರಿವರ್ಸ್ ಕಲ್ಚರ್ ಶಾಕ್’ ಎಂಬ ಹೆಸರಿದೆ ಎಂದು ತಿಳಿದ ದಿನ ನನಗೆ ಎಷ್ಟೋ ಹಗುರವಾಗಿತ್ತು.

‘ಅಲ್ಲಿದ್ದಾಗ ಊರಿಗೋಸ್ಕರ ಹಂಬಲಿಸ್ತಿದ್ದೆ. ಈಗ ಅದೇ ಊರು ಯಾಕೆ ಹಿಡಿಸ್ತಿಲ್ಲ?’

ಎರಡು ಕಾರಣ ನನಗೆ ಕಾಣುತ್ತವೆ.

ಅಲ್ಲಿ ದಿನಕ್ಕೆ ಹತ್ತು ಸಣ್ಣ ಗೆಲುವುಗಳಿದ್ದವು. ಮೊದಲ ವಾರ ರೈಲು ನಿಲ್ದಾಣದ ಟಿಕೆಟ್ ಯಂತ್ರದ ಮುಂದೆ ನಿಂತು, ಹಿಂದಿನವರಿಗೆ ಮೂರು ಸಲ ದಾರಿ ಬಿಟ್ಟು, ನಾಲ್ಕನೇ ಸಲಕ್ಕೆ ಸರಿಯಾದ ವಲಯದ ಟಿಕೆಟ್ ತೆಗೆದಾಗ ಪರೀಕ್ಷೆ ಪಾಸಾದಷ್ಟು ಖುಷಿಯಾಗಿತ್ತು. ಬೇಕರಿಯಲ್ಲಿ ಜರ್ಮನ್ ಭಾಷೆಯಲ್ಲೇ ಬ್ರೆಡ್ ಕೇಳಿ, ಅಂಗಡಿಯಾಕೆ ಇಂಗ್ಲಿಷಿಗೆ ತಿರುಗದೆ ಜರ್ಮನ್‌ನಲ್ಲೇ ಉತ್ತರಿಸಿದ ದಿನವನ್ನು ಇವತ್ತಿಗೂ ಮರೆತಿಲ್ಲ. ಊರಲ್ಲಿ ಹಾಲು ತರುವುದಕ್ಕೆ ಅಂಥ ಸಾಹಸವೇ ಬೇಡ. ಮೈಯೆಲ್ಲಾ ಕಣ್ಣಾಗಿ ಬದುಕಿದವರಿಗೆ ಕಣ್ಣು ಮುಚ್ಚಿಕೊಂಡೇ ನಡೆಯಬಹುದಾದ ಬೀದಿ ಸಪ್ಪೆ ಅನ್ನಿಸದೆ ಇರುತ್ತದೆಯೇ?

ಇನ್ನೊಂದು ಕಾರಣ ನೆನಪಿನದು. ಮುಂಚೆ ಎದುರು ನೋಡಿದ್ದು, ಆಮೇಲೆ ನೆನೆದದ್ದು ಎರಡೂ ಅನುಭವಿಸಿದ ಹೊತ್ತಿಗಿಂತ ಚೆಂದವಾಗಿರುತ್ತವೆ ಎಂದು ಅಮೆರಿಕದ ಸಂಶೋಧಕ ಟೆರೆನ್ಸ್ ಮಿಚೆಲ್ ಮತ್ತು ಅವರ ಜೊತೆಗಾರರು 1997ರಲ್ಲಿ ತೋರಿಸಿದರು. ಯುರೋಪ್ ಪ್ರವಾಸಕ್ಕೆ ಹೋದವರನ್ನೂ ಸೈಕಲ್ ಪ್ರವಾಸಕ್ಕೆ ಹೋದವರನ್ನೂ ಹೋಗುವ ಮುಂಚೆ, ಹೋಗಿದ್ದಾಗ, ಬಂದ ಮೇಲೆ ಕೇಳಿ ನೋಡಿದ್ದರು. ಅಲ್ಲಿದ್ದಾಗ ನಾವು ಅವರೆಕಾಯಿಯ ಸೊಗಡನ್ನು ನೆನೆದೆವು, ಊರಿನ ಧೂಳನ್ನು ನೆನೆಯಲಿಲ್ಲ. ಈಗ ಅಲ್ಲಿನ ಸಾಲುಮರದ ರಸ್ತೆಯನ್ನು ನೆನೆಯುತ್ತೇವೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗಿ, ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿ, ಇಡೀ ದಿನ ಒಬ್ಬರ ಜೊತೆಗೂ ಒಂದು ಮಾತಾಡದೆ ಮಲಗಿದ್ದನ್ನು ನೆನೆಯುವುದಿಲ್ಲ.

‘ರಜಕ್ಕೆ ಬರ್ತಿದ್ದಾಗ ಇದೇ ಊರು ಚೆನ್ನಾಗಿತ್ತಲ್ಲ?’

ಆಗ ನೀವು ನೆಂಟರು. ನೀವು ಬರುವ ದಿನಕ್ಕೇ ಹಿತಕಿದಬೇಳೆ ಸಾರು ಕಾದಿರುತ್ತಿತ್ತು, ಅಕ್ಕತಂಗಿಯರು ರಜೆ ಹಾಕಿ ಬರುತ್ತಿದ್ದರು. ಮೂರು ವಾರದ ಊರು ಬೇರೆ, ಮುನ್ನೂರು ದಿನದ ಊರು ಬೇರೆ.

‘ಎಷ್ಟು ದಿನ ಇರುತ್ತೆ ಇದು?’

ನನಗೆ ಒಂದೂವರೆ ವರ್ಷ ಹಿಡಿಯಿತು. ಆರೇ ತಿಂಗಳಲ್ಲಿ ಹೊಂದಿಕೊಂಡವರನ್ನೂ ನಾಲ್ಕು ವರ್ಷವಾದರೂ ಸೂಟ್‌ಕೇಸ್ ಪೂರ್ತಿ ಬಿಚ್ಚದವರನ್ನೂ ಬಲ್ಲೆ. ದಿನ ಎಣಿಸುವುದರಿಂದ ಏನೂ ಆಗದು. ಊರಲ್ಲಿ ಯಾವುದಾದರೂ ಒಂದಕ್ಕೆ ನೀವು ಬೇಕಾದವರಾದಾಗ ಇದು ಇಳಿಯಲು ಶುರುವಾಗುತ್ತದೆ. ಈ ಮಾತು ಮುಂದೆ ಇನ್ನಷ್ಟು ಬರುತ್ತದೆ.

## ಮನೆಯವರ ನಡುವೆ

‘“ಅಲ್ಲಿ ಹಿಂಗಿತ್ತು” ಅಂದ್ರೆ ಸಾಕು, ಜಂಬ ಅಂತಾರೆ. ಹಂಗಾದ್ರೆ ಯಾರ ಹತ್ರ ಮಾತಾಡ್ಲಿ?’

ಒಂಬತ್ತು ವರ್ಷದ ಬದುಕನ್ನು ಬಾಯಲ್ಲಿಟ್ಟು ನುಂಗಿಕೊಳ್ಳಲು ಆಗುವುದಿಲ್ಲ. ಮಾತಾಡಿ. ಆದರೆ ಹೋಲಿಕೆ ಮಾಡಬೇಡಿ, ಕಥೆ ಹೇಳಿ. ‘ಅಲ್ಲಿ ಕಸ ಎಷ್ಟು ಚೆನ್ನಾಗಿ ವಿಂಗಡಿಸ್ತಾರೆ, ಇಲ್ಲಿ ನೋಡಿ’ ಎಂದರೆ ಕೇಳುವವರಿಗೆ ಬೈದಂತಾಗುತ್ತದೆ. ಖಾಲಿ ಬಾಟಲಿಗಳನ್ನು ಚೀಲದಲ್ಲಿ ಹೊತ್ತು ಹೋಗಿ ಯಂತ್ರದ ಬಾಯಿಗೆ ಒಂದೊಂದಾಗಿ ಹಾಕಿದರೆ, ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್‌ನ ಹಾಗೆ ಲೆಕ್ಕ ಹಾಕಿ ಚೀಟಿ ಕೊಡುತ್ತಿತ್ತು ಎಂದು ಹೇಳಿದಾಗ, ನಮ್ಮ ಚಿಕ್ಕಪ್ಪ ಪೇಪರ್ ಮಡಚಿಟ್ಟು ‘ಬಾಟ್ಲು ಒಡೆದೋಗಿದ್ರೆ?’ ಎಂದು ಕೇಳಿದರು. ಆಮೇಲೆ ಅವರ ಕಾಲದಲ್ಲಿ ಸೋಡಾ ಬಾಟಲಿ ವಾಪಸ್ ಕೊಟ್ಟು ದುಡ್ಡು ತರುತ್ತಿದ್ದ ಕಥೆ ಬಂತು. ಅರ್ಧ ಗಂಟೆ ಮಾತಾಡಿದೆವು.

ಇದರ ಜೊತೆಗೆ ನಿಮ್ಮಂತೆಯೇ ಮರಳಿದ ಒಬ್ಬರಾದರೂ ಇರಲಿ. ಎಲ್ಲವನ್ನೂ ವಿವರಿಸಬೇಕಾಗಿಲ್ಲದ ಒಬ್ಬ ಮನುಷ್ಯ ಇದ್ದರೆ ಸಾಕು.

‘ಬೇಜಾರು ಅಂತ ಅಮ್ಮನ ಹತ್ರ ಅಂದೆ. ಅತ್ತುಬಿಟ್ರು. ತಪ್ಪು ಮಾಡಿದೆನಾ?’

ನಿಮ್ಮ ಮಾತು ಅವರಿಗೆ ‘ನೀನಿದ್ದೂ ನನಗೆ ಬೇಜಾರು’ ಎಂದು ಕೇಳಿಸಿದೆ. ನೀವು ಇಲ್ಲದ ವರ್ಷಗಳಲ್ಲಿ ಅವರು ವೀಡಿಯೊ ಕರೆಗಾಗಿ ಸೀರೆಯ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದವರು. ಸುಳ್ಳು ಹೇಳಿ ಎಂದು ಹೇಳುತ್ತಿಲ್ಲ. ‘ಊರು ಅಭ್ಯಾಸ ತಪ್ಪಿದೆ ಅಮ್ಮ, ಹೊಂದ್ಕೊಳ್ತೀನಿ’ ಎನ್ನಿ. ಅದೂ ಸತ್ಯವೇ. ನಾನು ಇನ್ನೊಂದು ಕೆಲಸ ಮಾಡಿದೆ: ಅಮ್ಮನ ಬದುಕು ಆ ಒಂಬತ್ತು ವರ್ಷದಲ್ಲಿ ಹೇಗಿತ್ತು ಎಂದು ಕೇಳತೊಡಗಿದೆ. ಬೋರ್‌ವೆಲ್ ಬತ್ತಿದ ಬೇಸಿಗೆ, ಅಪ್ಪನ ಕಣ್ಣಿನ ಆಪರೇಷನ್, ಎದುರು ಮನೆಯವರ ಜೊತೆ ಮಾತು ಬಿಟ್ಟದ್ದು, ಮತ್ತೆ ಸೇರಿದ್ದು. ಫೋನಿನಲ್ಲಿ ‘ಎಲ್ಲಾ ಚೆನ್ನಾಗಿದೀವಿ’ ಎಂದಿದ್ದರ ಹಿಂದೆ ಇಷ್ಟೆಲ್ಲ ಇತ್ತು. ನಾನಿಲ್ಲದಾಗ ಊರು ನಿಂತಲ್ಲೇ ನಿಂತಿರಲಿಲ್ಲ ಎಂಬುದು ನನಗೆ ತಿಳಿದದ್ದು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ.

‘ಸಂಜೆ ಒಬ್ಬಳೇ ಸುಮ್ನೆ ನಡ್ಕೊಂಡು ಹೋಗಕ್ಕಾಗಲ್ಲ. ಎಲ್ಲಿಗೆ, ಯಾಕೆ ಅಂತ ಕೇಳ್ತಾರೆ. ಇದಕ್ಕೂ ಬೇಜಾರು ಅಂತಾನೇ ಹೇಳ್ಬೇಕಾ?’

ಬೇಡ. ಇದು ಬೇಜಾರಲ್ಲ, ಇದ್ದ ಸ್ವಾತಂತ್ರ್ಯ ಕಳೆದುಕೊಂಡದ್ದು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ‘ಹೊಂದ್ಕೋ’ ಎಂಬ ಒಂದೇ ಔಷಧಿ ಎರಡಕ್ಕೂ ಬರುತ್ತದೆ. ಹೆಂಗಸರು ಮರಳಿ ಬಂದಾಗ ಕಳೆದುಕೊಳ್ಳುವುದು ಗಂಡಸರಿಗಿಂತ ಹೆಚ್ಚು. ರಾತ್ರಿ ಹತ್ತಕ್ಕೆ ಟ್ರಾಮ್ ಇಳಿದು ಒಬ್ಬಳೇ ಮನೆಗೆ ನಡೆದು ಹೋಗುತ್ತಿದ್ದವಳು, ಇಲ್ಲಿ ಏಳು ಗಂಟೆಗೆ ತರಕಾರಿಗೆ ಹೋಗಲೂ ಜೊತೆಗೆ ಯಾರನ್ನೋ ಹುಡುಕಬೇಕು. ನಾನು ಬೀದಿಯ ಇನ್ನಿಬ್ಬರು ಹೆಂಗಸರ ಜೊತೆ ದಿನಾ ಸಂಜೆ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ನಡೆಯಲು ಶುರುಮಾಡಿದೆ. ಮೂರು ತಿಂಗಳಿಗೆ ಕೇಳುವವರು ಕೇಳುವುದು ಬಿಟ್ಟರು. ಈಗ ಆರು ಜನ ಇದ್ದೇವೆ. ಒಬ್ಬಳೇ ನಡೆಯುವ ಹಕ್ಕಿಗೆ ಇದು ಬದಲಿ ಅಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

‘ಮಗ ದಿನಾ “ವಾಪಸ್ ಯಾವಾಗ ಹೋಗೋದು” ಅಂತಾನೆ. ಏನು ಹೇಳ್ಲಿ?’

ನಿಮಗೆ ಇದು ಮರಳಿದ ಊರು. ಅಲ್ಲೇ ಹುಟ್ಟಿ ಬೆಳೆದ ಮಗುವಿಗೆ ಇದೇ ವಿದೇಶ. ‘ನಮ್ಮ ಊರು ಕಣೋ ಇದು’ ಎಂದು ಒತ್ತಾಯಿಸಬೇಡಿ, ನೀವು ಅಲ್ಲಿ ಹೊಸಬರಾಗಿದ್ದಾಗ ಹೇಗಿತ್ತು ಎಂದು ಹೇಳಿ. ನಮ್ಮ ಕಡೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್. ಮಗುವಿಗೆ ತಲೆ ತಿರುಗುವುದು ಸಹಜ. ಒಬ್ಬ ಗೆಳೆಯ ಸಿಗುವವರೆಗೆ ಕಷ್ಟ, ಸಿಕ್ಕ ಮೇಲೆ ನೀವು ಕರೆದರೂ ಮನೆಯೊಳಗೆ ಬರುವುದಿಲ್ಲ.

## ಊರನ್ನು ನೋಡುವ ಬಗ್ಗೆ

‘ನಂದಿ ಬೆಟ್ಟ ಒಂದು ಬಿಟ್ರೆ ಚಿಕ್ಕಬಳ್ಳಾಪುರದಲ್ಲಿ ನೋಡೋಕೆ ಏನಿದೆ?’

ಸ್ಟುಟ್‌ಗಾರ್ಟ್‌ಗೆ ಹೋದ ಮೊದಲ ವರ್ಷ ನಾನು ಆ ಊರಿನ ನದಿ ಎಲ್ಲಿ ಹುಟ್ಟುತ್ತದೆ, ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದೆಲ್ಲ ಓದಿದ್ದೆ. ಹುಟ್ಟಿದ ಊರಿನ ಬಗ್ಗೆ ಆ ಪ್ರಶ್ನೆಗಳನ್ನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡ ದಿನ ಊರು ಬೇರೆ ಕಂಡಿತು.

ನಂದಿಯನ್ನೇ ತೆಗೆದುಕೊಳ್ಳಿ. 1,478 ಮೀಟರ್ ಎತ್ತರದ ಬೆಟ್ಟಕ್ಕೆ ಸೂರ್ಯೋದಯ ನೋಡಲು ಬೆಂಗಳೂರಿನವರು ಬರುತ್ತಾರೆ, ಹೋಗುತ್ತಾರೆ. ಆದರೆ ಅರ್ಕಾವತಿ, ಪಾಲಾರ್, ಚಿತ್ರಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಅರ್ಕಾವತಿ ಕಾವೇರಿಗೆ ಸೇರಿದರೆ, ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಆಂಧ್ರದ ನೆಲ್ಲೂರಿನ ಕಡೆ ಸಮುದ್ರ ಸೇರುತ್ತದೆ. ಐದು ನದಿಗೆ ತವರಾದ ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಮ್ಮೂರಿನ ಕಂದವಾರ ಕೆರೆ ಈಚಿನ ವರ್ಷಗಳಲ್ಲಿ ತುಂಬಿ ಕಾಣುತ್ತದಲ್ಲ, ಅದು ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕಳಿಸಿದ ನೀರು. ಅದು ಸಾಕಷ್ಟು ಶುದ್ಧವೇ ಎಂಬ ಜಗಳ ರೈತರಲ್ಲಿ ಇವತ್ತಿಗೂ ನಡೆದಿದೆ. ಇಂಥ ಊರನ್ನು ಸಪ್ಪೆ ಎನ್ನಲು ನನಗೆ ಮನಸ್ಸು ಬಾರದು.

ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥ ಇದೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದರ ಬಿಸಿಗೆ ಮೈಸೂರು ಸಂಸ್ಥಾನವು ಕಾಂಗ್ರೆಸ್ ಬಾವುಟವನ್ನು ತನ್ನ ಬಾವುಟದ ಜೊತೆ ಹಾರಿಸಲು ಒಪ್ಪಬೇಕಾಯಿತು. ಶಾಲೆಯಲ್ಲಿದ್ದಾಗ ನಾನು ಅಲ್ಲಿಗೆ ನಾಗರಕಲ್ಲಿಗೆ ಹಾಲೆರೆಯಲು ಹೋಗಿದ್ದೆ, ಸ್ಮಾರಕವನ್ನು ತಿರುಗಿಯೂ ನೋಡಿರಲಿಲ್ಲ.

ಇನ್ನು ಶಿಡ್ಲಘಟ್ಟ. ನಮ್ಮ ದೊಡ್ಡಪ್ಪನ ಮಗ ಅಲ್ಲಿ ರೇಷ್ಮೆ ಮಾಡುತ್ತಾನೆ. ಚಿಕ್ಕವಳಿದ್ದಾಗ ಆ ಮನೆಗೆ ಹೋಗುವುದೆಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದೆ. ವಾಪಸ್ ಬಂದ ವರ್ಷ ಒಂದು ರಾತ್ರಿ ಅಲ್ಲಿ ಉಳಿಯಬೇಕಾಯಿತು. ಹುಳ ನಾಲ್ಕನೇ ಜ್ವರ ಎದ್ದಿದ್ದವು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲ, ಎದ್ದ ಮೇಲೆ ಎಷ್ಟು ಹಾಕಿದರೂ ಸಾಲದು. ರಾತ್ರಿ ಅಣ್ಣ ಹಿಪ್ಪುನೇರಳೆ ಸೊಪ್ಪು ಹರಡಿ ದೀಪ ಆರಿಸಿದ. ಹೊರಗೆ ಸೋನೆ ಮಳೆ ಹಿಡಿಯಿತೇನೋ ಎಂದುಕೊಂಡೆ. ಮಳೆ ಅಲ್ಲ, ಸಾವಿರಾರು ಹುಳ ಒಟ್ಟಿಗೆ ಎಲೆ ಮೇಯುವ ಸದ್ದು. ಆರೇಳು ದಿನಕ್ಕೆ ಹುಳ ಹಣ್ಣಾಗಿ, ಮೈ ಬೆಳಕಿಗೆ ಹಿಡಿದರೆ ಪಾರಾಗುವ ಬಣ್ಣಕ್ಕೆ ಬಂದವು. ಅತ್ತಿಗೆ ಒಂದೊಂದನ್ನೂ ಬೆರಳ ತುದಿಯಲ್ಲಿ ಎತ್ತಿ, ಗೂಡು ಕಟ್ಟಲು ಇಡುವ ತಟ್ಟೆಯಾದ ಚಂದ್ರಿಕೆಗೆ ಬಿಡುತ್ತಿದ್ದರು. ಒಳ್ಳೆಯ ತಳಿಯ ಒಂದು ಗೂಡಿನ ಎಳೆ ಬಿಚ್ಚಿದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಉದ್ದ. ಬೇರೆ ದೇಶದಲ್ಲಿ ಇದನ್ನು ಕಂಡಿದ್ದರೆ ನಾನು ಎಷ್ಟು ಜನಕ್ಕೆ ಹೇಳುತ್ತಿದ್ದೆನೋ.

‘ಒಳ್ಳೆ ಲೈಬ್ರರಿ ಇಲ್ಲ, ಸಂಗೀತ ಕಛೇರಿ ಇಲ್ಲ, ನಡೆಯೋಕೆ ಫುಟ್‌ಪಾತ್ ಇಲ್ಲ. ಇದು ನಿಜವಾದ ಕೊರತೆ ಅಲ್ವಾ?’

ನಿಜವಾದ ಕೊರತೆಯೇ. ಬೇಜಾರೆಲ್ಲ ನಿಮ್ಮ ಮನಸ್ಸಿನಲ್ಲಿದೆ ಎಂದು ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಸ್ಟುಟ್‌ಗಾರ್ಟ್‌ನ ನಗರ ಗ್ರಂಥಾಲಯ 2011ರಲ್ಲಿ ತೆರೆದ ಬಿಳಿ ಘನಾಕೃತಿಯ ಕಟ್ಟಡ. ಒಳಗೆ ಮೇಲಿನ ಅಂತಸ್ತುಗಳೆಲ್ಲ ಒಂದರ ಮೇಲೊಂದು ಬೆಳ್ಳಗೆ, ಸುತ್ತ ಪುಸ್ತಕ. ಕೆಲಸ ಮುಗಿಸಿ ಅಲ್ಲಿ ಕೂರುತ್ತಿದ್ದ ಸಂಜೆಗಳಿಗೆ ನಾನು ಇವತ್ತಿಗೂ ಹಂಬಲಿಸುತ್ತೇನೆ.

ಆದರೆ ನಿಮ್ಮ ಮನೆ ಕಂದಾಯದ ರಸೀದಿ ಒಮ್ಮೆ ತೆಗೆದು ನೋಡಿ. ತೆರಿಗೆಯ ಮೇಲೆ ಗ್ರಂಥಾಲಯ ಕರ ಎಂದು ಶೇ 6ರಷ್ಟು ಬರೆದಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ಅಂದರೆ ಪ್ರತಿ ಮನೆಯೂ ಗ್ರಂಥಾಲಯಕ್ಕೆ ದುಡ್ಡು ಕಟ್ಟುತ್ತಲೇ ಇದೆ. ಹೋಗಿ ಸದಸ್ಯರಾಗಿ, ಬೇಕಾದ ಪುಸ್ತಕದ ಹೆಸರು ಬರೆದುಕೊಡಿ, ಇನ್ನೊಬ್ಬರ ಕೈಯಲ್ಲೂ ಬರೆಸಿ. ನಗರಸಭೆಗೆ ಕೊಡುವ ಅರ್ಜಿಯಲ್ಲಿ ‘ಜರ್ಮನಿಯಲ್ಲಿ ಹೀಗಿದೆ’ ಎಂದು ಬರೆಯಬೇಡಿ. ‘ನಮ್ಮ ಬೀದಿಯ ಇಂಥ ಜಾಗದಲ್ಲಿ ಚರಂಡಿಯ ಚಪ್ಪಡಿ ಒಡೆದಿದೆ’ ಎಂದು ಬರೆಯಿರಿ. ನಾನು ಕೊಟ್ಟ ಅರ್ಜಿಗಳಲ್ಲಿ ಕೆಲಸವಾದದ್ದು ಒಂದೇ. ಆ ಚಪ್ಪಡಿಯ ಮೇಲೆ ನಡೆಯುವಾಗ ಆಗುವ ಸಂತೋಷ ಅಲ್ಲಿನ ಯಾವ ಫುಟ್‌ಪಾತ್ ಮೇಲೂ ಆಗಿರಲಿಲ್ಲ.

‘ಬೆಂಗಳೂರಲ್ಲೇ ಮನೆ ಮಾಡಿದ್ರೆ ಸರಿಹೋಗುತ್ತಾ?’

ಕೆಲಸ ಅಲ್ಲಿದ್ದರೆ ಮಾಡಿ. ಬೇಜಾರು ಕಳೆಯಲೆಂದೇ ಆದರೆ ಬೇಡ. ರೈಲಿದೆ, ಬಸ್ಸಿದೆ, ನಾಟಕಕ್ಕೋ ಸಂಗೀತಕ್ಕೋ ತಿಂಗಳಿಗೆ ಎರಡು ಸಲ ಹೋಗಿ ಬನ್ನಿ.

## ಉಳಿಯುವುದೋ, ಹೋಗುವುದೋ

‘ನಮ್ಮ ಕಡೆಯವರು ಯಾರಾದ್ರೂ ಹಂಗೆ ಬಂದು ಇಲ್ಲೇ ನಿಂತು ಏನಾದ್ರೂ ಮಾಡಿದ್ದಾರಾ?’

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಪರಮಾಣು ಭೌತವಿಜ್ಞಾನದಲ್ಲಿ 1960ರಲ್ಲಿ ಪಿಎಚ್.ಡಿ. ಪಡೆದರು. ಆ ಕಾಲಕ್ಕೆ ಆ ಪದವಿ ಹಿಡಿದವರಿಗೆ ಎಲ್ಲಿ ಬೇಕಾದರೂ ಬಾಗಿಲು ತೆರೆದಿತ್ತು. ಅವರು ಬೆಂಗಳೂರಿನ ನ್ಯಾಷನಲ್ ಕಾಲೇಜಿಗೆ ಮರಳಿದರು, ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಕಳೆದರು. ಸಂಜೆ ಹೊತ್ತು ಊರಲ್ಲಿ ವಿಜ್ಞಾನದ ಮಾತು ಕೇಳಲು ಜಾಗ ಇರಲಿಲ್ಲ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ನಮ್ಮ ಸೀಮೆಯ ಮಕ್ಕಳಿಗೆ ಕಾಲೇಜು ದೂರ ಎಂದು ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜು ತೆರೆಸಿದರು. ಅಲ್ಲಿ ಕಂಡದ್ದು ಇಲ್ಲಿಲ್ಲ ಎಂದರೆ, ಅವರಿಗೆ ಅದು ಮಾಡಬೇಕಾದ ಕೆಲಸದ ಪಟ್ಟಿಯಾಯಿತು.

ನಮ್ಮಿಂದ ಕಾಲೇಜು ಕಟ್ಟಲು ಆಗಲಿಕ್ಕಿಲ್ಲ. ನಾನು ವಾರಕ್ಕೆ ಎರಡು ಸಂಜೆ ನಮ್ಮ ಜಗಲಿಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೊದಲ ದಿನ ಮೂವರು ಬಂದಿದ್ದರು. ತ್ರಿಕೋನಮಿತಿಗೆ ಹೆದರಿದ್ದ ಒಬ್ಬ ಹುಡುಗಿಗೆ ನಂದಿ ಬೆಟ್ಟದ ಎತ್ತರವನ್ನೇ ನೆರಳು, ಕೋನ ಹಿಡಿದು ಅಳೆಯಲು ಕೊಟ್ಟೆ. ಲೆಕ್ಕ ತಪ್ಪಿತು, ಆದರೆ ಮಾರನೇ ದಿನ ಅವಳು ತಾನೇ ಇನ್ನೊಂದು ಬೆಟ್ಟ ಹುಡುಕಿಕೊಂಡು ಬಂದಳು. ಮಂಗಳವಾರ, ಶುಕ್ರವಾರ ನಾನು ಊರಲ್ಲಿ ಇರಲೇಬೇಕು ಎಂದಾದ ಮೇಲೆ ಊರು ನನಗೆ ಹತ್ತಿಕೊಂಡಿತು.

‘ಜಮೀನು ತಗೊಂಡು ತೋಟ ಮಾಡಿದ್ರೆ?’

ಮೊದಲು ಒಂದು ವರ್ಷ ಬೇರೆಯವರ ತೋಟದಲ್ಲಿ ಓಡಾಡಿ. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ವಿದೇಶಿ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇಟ್ಟುಕೊಂಡವರು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬರಬಹುದು ಅಷ್ಟೆ. ನೀರಿನ ವಿಷಯ ಮೇಲೆ ಹೇಳಿದ್ದೇನೆ. ಈ ಜಿಲ್ಲೆಯಲ್ಲಿ ಬೋರ್‌ವೆಲ್ ನಂಬಿ ಉಳಿತಾಯವನ್ನೆಲ್ಲ ಸುರಿಯಬೇಡಿ.

‘ವಾಪಸ್ ಹೋಗ್ಬಿಡೋಣ ಅನ್ನಿಸ್ತಿದೆ. ಸೋತ ಹಾಗಾ?’

ಖಂಡಿತ ಅಲ್ಲ. ಕೆಲವರಿಗೆ ಅಲ್ಲಿನ ಕೆಲಸ, ಅಲ್ಲಿನ ಬದುಕೇ ಸರಿಹೊಂದುತ್ತದೆ. ನಾನು ಕೇಳಿಕೊಳ್ಳುವುದು ಇಷ್ಟೇ, ಮೊದಲ ವರ್ಷದೊಳಗೆ ತೀರ್ಮಾನ ಮಾಡಬೇಡಿ. ಅಷ್ಟರಲ್ಲಿ ಕಾಗದಪತ್ರದ ಗಡುವು ತಿಳಿದಿರಲಿ. ಜರ್ಮನಿಯ ಕಾಯಂ ವಾಸದ ಪರವಾನಗಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ರದ್ದಾಗುತ್ತದೆ, ಮೊದಲೇ ಕೇಳಿಕೊಂಡರೆ ಕಾಲಾವಕಾಶ ಸಿಗುವುದುಂಟು. ಅಮೆರಿಕದ ಗ್ರೀನ್ ಕಾರ್ಡ್‌ನವರು ವರ್ಷಕ್ಕಿಂತ ಹೆಚ್ಚು ಹೊರಗಿರುವುದಾದರೆ ಹೊರಡುವ ಮುಂಚೆಯೇ ಮರುಪ್ರವೇಶ ಪರವಾನಗಿಗೆ ಅರ್ಜಿ ಹಾಕಬೇಕು. ಇಲ್ಲೇ ನೆಲೆಸಲು ಬಂದ ಮೇಲೆ ಅನಿವಾಸಿಯಾಗಿದ್ದಾಗ ತೆರೆದ ಎನ್‌ಆರ್‌ಇ ಬ್ಯಾಂಕ್ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು, ಬ್ಯಾಂಕಿಗೆ ನೀವೇ ಹೋಗಿ ತಿಳಿಸಬೇಕು.

‘ಇದು ಬೇಜಾರೋ, ಕಾಯಿಲೆಯೋ ಹೇಗೆ ಗೊತ್ತಾಗುತ್ತೆ?’

ಊರು ಸಪ್ಪೆಯಾಗಿ, ಅಲ್ಲಿನ ನೆನಪು ಮಾತ್ರ ರುಚಿಯಾಗಿದ್ದರೆ ಅದು ಬೇಜಾರು. ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ, ಮಗುವಿನ ನಗುವೂ ನೆನಪೂ ಏನೂ ತಟ್ಟದೆ ಹೋದರೆ ಡಾಕ್ಟರನ್ನು ನೋಡಲೇಬೇಕು. ಬದುಕಿ ಏನು ಎಂಬ ಯೋಚನೆ ಒಂದು ಸಲ ಬಂದರೂ ಕಾಯಬೇಡಿ. 2022ರಿಂದ ಇರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

‘ನಿಮಗೆ ಈಗ ಬೇಜಾರಾಗಲ್ವಾ?’

ಆಗುತ್ತದೆ. ಅಕ್ಟೋಬರಿನಲ್ಲಿ, ಅಲ್ಲಿ ಎಲೆಗಳು ಬಣ್ಣ ತಿರುಗುವ ಹೊತ್ತಿಗೆ, ಒಂದು ವಾರ ಮನಸ್ಸು ಇಲ್ಲಿ ನಿಲ್ಲುವುದಿಲ್ಲ. ಅದು ಹೋಗಲಿ ಎಂದು ನಾನು ಬಯಸುವುದೂ ಇಲ್ಲ.

ಬಂದ ಹೊಸದರಲ್ಲಿ ಬಸ್ ನಿಲ್ದಾಣದ ಕಡೆ ಹೂ ಮಾರುವ ಅಜ್ಜಿ ಎರಡೇ ಪ್ರಶ್ನೆ ಕೇಳುತ್ತಿದ್ದರು: ‘ಎಪ್ಪುಡೊಚ್ಚಿನಾವಮ್ಮಾ? ಮಳ್ಳೀ ಎಪ್ಪುಡು ಪೋತಾವು?’ ಯಾವಾಗ ಬಂದೆ, ಮತ್ತೆ ಯಾವಾಗ ಹೋಗ್ತೀಯ. ಊರಿನ ಎಲ್ಲರ ಬಾಯಲ್ಲೂ ಅವೇ ಎರಡು. ಹೋಗುವವಳು ಎಂದು ಅವರು ತಿಳಿದಿದ್ದರು, ಒಳಗೊಳಗೆ ನಾನೂ. ಹೋದ ತಿಂಗಳು ಜ್ವರ ಬಂದು ಎರಡು ದಿನ ಹೊರಗೆ ಹೋಗಿರಲಿಲ್ಲ. ಮೂರನೇ ದಿನ ಅಜ್ಜಿ ಕನಕಾಂಬರ ಅಳೆಯುತ್ತಾ ತಲೆ ಎತ್ತಿ, ಸ್ವಲ್ಪ ಸಿಟ್ಟಿನಲ್ಲೇ ಕೇಳಿದರು: ‘ರೆಂಡು ದಿನಾಲು ಎಂದುಕು ರಾಲೇದಮ್ಮಾ?’ ಎರಡು ದಿನ ಯಾಕೆ ಬರಲಿಲ್ಲ.